ಮಾಳಿಗೆ ಮನೆ ಕೆಡವುವ ಮುನ್ನ...

ಬಂಗಲೆ ಅಂದ ಕೂಡಲೇ ದೊರೆಗಳ ಮನೆಯೇ ಕಣ್ಣಿಗೆ ಕಟ್ಟುತ್ತದೆ, ಅಲ್ಲವೆ? ಆದರೆ ಆ ಹೆಸರು ಹುಟ್ಟಿದ್ದು ಬಂಗಾಳದ ಹಳ್ಳಿ ಗುಡಿಸಲಿನಿಂದ. ಅದೇ ಹೆಸರು ಅಮೆರಿಕಕ್ಕೂ ಹೋಯಿತು. ಅಲ್ಲಿ ಗುಸ್ತಾವ್ ಸ್ಟಿಕ್ಲಿ ಎಂಬುವರು 1901ರಿಂದ 1916ರವರೆಗೆ 'ಕ್ರಾಫ್ಟ್ಸ್‌ಮನ್' ಎಂಬ ಪತ್ರಿಕೆ ನಡೆಸಿ, ನಾವು ಹುಳಿಪುಡಿ ವಿಧಾನ ಅಚ್ಚು ಹಾಕುವ ಹಾಗೆ ಮನೆಯ ನಕ್ಷೆಗಳನ್ನು ಅಚ್ಚು ಹಾಕುತ್ತಿದ್ದರು! ಮುಂದೆ ಜಗುಲಿ, ಮುಚ್ಚಿಡದ ತೊಲೆಗಳು, ಗೋಡೆಗೇ ಸೇರಿದ ಆಸನ, ಕಪಾಟು. ಅಂಥ ಮನೆಗಳನ್ನು ಅಲ್ಲಿಯವರು ಇಂದು ಜೋಪಾನ ಮಾಡುತ್ತಾರೆ.

ಇವೆಲ್ಲ ನಮ್ಮ ಜಗಳೂರು ತಾಲ್ಲೂಕಿನ ಸೊಕ್ಕೆ ಸೀಮೆಯ ಮಾಳಿಗೆ ಮನೆಯಲ್ಲೂ ಇದ್ದವೇ. ಕಟ್ಟೆ, ಪಡಸಾಲೆ, ಬೋದಿಗೆ ಹೊತ್ತ ಕಂಬ, ಗೋಡೆಯಲ್ಲೇ ಗೂಡು. ಮಳೆ ಕಡಿಮೆಯ ಬಯಲುಸೀಮೆ ಇದು. ಮಲೆನಾಡಿನ ಹಾಗೆ ಇಳಿಜಾರು ಹೆಂಚು ಬೇಕಿಲ್ಲ, ಮಟ್ಟಸ ಮಣ್ಣಿನ ಛಾವಣಿ ಸಾಕು. ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಚಕ್ಕೆ, ಒಣಸೊಪ್ಪು, ಅದರ ಮೇಲೆ ಮಣ್ಣು, ಕೊನೆಗೆ ಕರಲು ಮಣ್ಣು. ಬೆಳೆ ಬಾರದ ಸವಳು ನೆಲದ ಈ ಮಣ್ಣು ನೀರು ತಾಗಿದೊಡನೆ ಉಬ್ಬಿ ಸಂದುಗಳನ್ನು ಮುಚ್ಚಿಬಿಡುತ್ತದೆ. ಬೇಸಿಗೆಯಲ್ಲಿ ಒಳಗೆ ತಂಪು. ಮೇಲೆ ಮೆಣಸಿನಕಾಯಿ, ಸಂಡಿಗೆ ಒಣಗಿಸಲು ವಿಶಾಲ ಅಂಗಳ, ರಾತ್ರಿ ಮಲಗಲೂ ಅದೇ.

ಹಾಗೆಂದು ಸೊಸೆಯಂದಿರು "ಆರ್‌ಸಿಸಿ ಮನೆಯೇ ಬೇಕು" ಅಂದರೆ ಬೈಯಬೇಡಿ. ಕತ್ತಲ ಅಡುಗೆಮನೆ, ಹೊಗೆ, ಒಳಗೇ ಕಟ್ಟಿದ ದನ, ಜಂತೆಯಿಂದ ಬೀಳುವ ಚೇಳು, ವರ್ಷ ವರ್ಷ ಸಾರಿಸೋದು ಬಳಿಯೋದು... ಇದನ್ನೆಲ್ಲ ಹೊಗಳುವವರು ಹೆಚ್ಚಾಗಿ ಪಟ್ಟಣದವರೇ! ದನಗಳನ್ನು ಹೊರಗಿನ ಕೊಟ್ಟಿಗೆಗೆ ಸಾಗಿಸಿ, ಬೆಳಕಿಂಡಿಗೆ ಗಾಜು ಕೂರಿಸಿ, ಹೊಗೆಗೆ ದಾರಿ ಮಾಡಿದರೆ ಅರ್ಧ ದೂರು ಕಡಿಮೆಯಾದೀತು.

ನಿಜವಾದ ಭಯ ಬೇರೆ ಇದೆ. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷವೂ ಹಳೆ ಮಣ್ಣಿನ ಮೇಲೆ ಹೊಸ ಮಣ್ಣು ಹಾಕುತ್ತ ಹೋದರೆ ಛಾವಣಿ ಭಾರವಾಗುತ್ತ ಹೋಗುತ್ತದೆ. ನೆನೆದಾಗ ಆ ಭಾರ ಇನ್ನೂ ಹೆಚ್ಚು. ಜಡಿಮಳೆಯ ರಾತ್ರಿ ಮಾಳಿಗೆ ಕುಸಿದು ಮಲಗಿದ್ದವರು ಮಣ್ಣಿನಡಿ ಸಿಲುಕುವುದು ಹೀಗೆ. ಆದ್ದರಿಂದ ಹೊಸದು ಹಾಕುವ ಮೊದಲು ಹಳೆಯ ಪದರ ಕೆರೆದು ಇಳಿಸಿ. ತೊಲೆ ಬಾಗಿದೆಯೇ, ಗೋಡೆಯೊಳಗೆ ಹೊಕ್ಕ ಅದರ ತುದಿ ಮೆತ್ತಗಾಗಿದೆಯೇ, ಗೆದ್ದಲಿನ ಮಣ್ಣು ಕಾಣುತ್ತಿದೆಯೇ, ಹರನಾಳಿಗೆ ಕಟ್ಟಿಕೊಂಡಿದೆಯೇ ಎಂದು ಬಿಸಿಲಿರುವಾಗಲೇ ನೋಡಿಸಿ. ಸಂಶಯವಿದ್ದರೆ ಅದರ ಕೆಳಗೆ ಮಕ್ಕಳನ್ನು ಮಲಗಿಸಬೇಡಿ. ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಮೆತ್ತಿಸುವುದೂ ಬೇಡ. ಹೊರಗೆ ಚೆಂದ ಕಂಡರೂ ಒಳಗಿನ ತೇವ ಆರದೆ ಗೋಡೆ ಸಡಿಲವಾಗುತ್ತದೆ. ಮಣ್ಣು-ಸಗಣಿಯ ಗಿಲಾವೇ ಅದಕ್ಕೆ ಒಗ್ಗುತ್ತದೆ.

ಕೆಡವಲೇಬೇಕೆಂದು ತೀರ್ಮಾನಿಸಿದರೆ ಬಾಗಿಲವಾಡ, ಕಂಬಗಳನ್ನು ಸೌದೆ ಬೆಲೆಗೆ ಕೊಡಬೇಡಿ, ಹೊಸ ಮನೆಯಲ್ಲೇ ಬಳಸಿ. ಇನ್ನೊಂದು ಮಾತು. ಕಾಳು ತುಂಬುತ್ತಿದ್ದ ಹಗೇವು ಎಲ್ಲಿದೆ ಎಂದು ಹಿರಿಯರನ್ನು ಕೇಳಿ ಗುರುತು ಹಾಕಿಸಿ. ಬಹುಕಾಲ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ. ಬಾಯಿ ತೆರೆದ ಕೂಡಲೇ ಯಾರನ್ನೂ ಇಳಿಸಬೇಡಿ.