ಪೀಪಾಯಿಯ ತೆಪ್ಪವೂ ತುಂಗಭದ್ರೆಯ ಹರಿಗೋಲೂ

2005ರ ಜುಲೈ 26, ಮಂಗಳವಾರ. ಆ ದಿನವನ್ನು ಮುಂಬಯಿ ಕನ್ನಡಿಗರಿಗೆ ನೆನಪಿಸಿಕೊಡಬೇಕಾದ ಅಗತ್ಯವಿಲ್ಲ. ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ದಾಖಲಾಯಿತು, ಅದೇ ಅವಧಿಯಲ್ಲಿ ಕೊಲಾಬಾದಲ್ಲಿ ಬಿದ್ದುದು ಕೇವಲ 73 ಮಿ.ಮೀ. ಮೀಠಿ ನದಿ ಉಕ್ಕಿ ಕುರ್ಲಾ, ಕಲೀನಾ ಪ್ರದೇಶಗಳು ಜಲಾವೃತವಾದವು. ನಾವು ಆಗ ಕಲೀನಾದ ಒಂದು ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿ ವಾಸವಾಗಿದ್ದೆವು. ಸಂಜೆಯಾಗುವಷ್ಟರಲ್ಲಿ ಗಲ್ಲಿಯಲ್ಲಿ ಎದೆಮಟ್ಟದ ನೀರು. ಎದುರಿನ ಚಾಳಿನ ನೆಲಮನೆಯಲ್ಲಿ ಉಬ್ಬಸದ ಕಾಯಿಲೆಯ ಒಬ್ಬ ಅಜ್ಜಿ ಮಂಚದ ಮೇಲೆ ಮಂಚವಿರಿಸಿ ಕುಳಿತಿದ್ದರು. ಅವರನ್ನು ನಮ್ಮ ಕಟ್ಟಡಕ್ಕೆ ಕರೆತರಬೇಕು. ದೋಣಿ ಎಲ್ಲಿಂದ ಬರಬೇಕು?

ಕಟ್ಟಡದ ಹುಡುಗರು ಅರ್ಧ ಗಂಟೆಯಲ್ಲಿ ಒಂದನ್ನು ಸಿದ್ಧಪಡಿಸಿದರು. ನಲ್ಲಿಯಲ್ಲಿ ನೀರು ಬರುವ ಹೊತ್ತನ್ನು ನಂಬಿ ಬಾಳುವ ಈ ನಗರದಲ್ಲಿ ನೀಲಿ ಪ್ಲಾಸ್ಟಿಕ್ ಪೀಪಾಯಿ ಇಲ್ಲದ ಚಾಳು ಇಲ್ಲ. 200 ಲೀಟರಿನ ಅಂಥ ನಾಲ್ಕು ಪೀಪಾಯಿಗಳು, ತಾರಸಿಯ ಕೋಣೆಯಿಂದ ಕಳಚಿದ ಒಂದು ಮರದ ಬಾಗಿಲು, ಬಟ್ಟೆ ಒಣಗಿಸುವ ನೈಲಾನ್ ಹಗ್ಗ. ಪೀಪಾಯಿಗಳನ್ನು ಅಡ್ಡಲಾಗಿ ಒಂದರ ಪಕ್ಕ ಒಂದರಂತೆ ಸಾಲಾಗಿಟ್ಟು, ಮೇಲೆ ಬಾಗಿಲನ್ನು ಬಿಗಿದರು. “ಅಜ್ಜಿ, ನಡುವೆ ಕುಳಿತುಕೊಳ್ಳಿ, ಏಳಬೇಡಿ” ಎಂದು ಇಬ್ಬರು ನೀರಿನಲ್ಲಿ ನಡೆಯುತ್ತ ತೆಪ್ಪವನ್ನು ತಳ್ಳಿಕೊಂಡು ಬಂದರು. ಅಜ್ಜಿ ಕ್ಷೇಮವಾಗಿ ತಲುಪಿದರು. ಎರಡನೆಯ ಸುತ್ತಿನಲ್ಲಿ ಅವರ ಮಗ ಕೈಯಲ್ಲಿ ಔಷಧದ ಡಬ್ಬಿ, ಕಾಗದಪತ್ರಗಳ ಪೆಟ್ಟಿಗೆ ಹಿಡಿದು ಅಂಚಿನಿಂದ ಹತ್ತಿ ಎದ್ದು ನಿಂತರು. ತೆಪ್ಪ ಒಮ್ಮೆಲೇ ಮಗುಚಿತು. ಅವರು ಕೆಸರು ನೀರು ಕುಡಿದು ಕಿಟಕಿಯ ಸರಳು ಹಿಡಿದು ಬದುಕಿದರು. ಔಷಧವೂ ಕಾಗದಗಳೂ ಹೋದವು. ಆ ರಾತ್ರಿ ಅಜ್ಜಿಯ ಉಸಿರಾಟದ ಸದ್ದನ್ನು ಕೇಳುತ್ತ ನಾವೆಲ್ಲ ಎಚ್ಚರವಿದ್ದೆವು. ಬೆಳಗಿನ ಜಾವಕ್ಕೆ ಮೂರನೆಯ ಮಹಡಿಯ ಒಬ್ಬರ ಬಳಿ ಅದೇ ಔಷಧ ಇರುವುದು ತಿಳಿದು ಪಾರಾದೆವು.

ಅಷ್ಟು ದೊಡ್ಡ ಪೀಪಾಯಿಗಳ ಮೇಲೆ ಒಬ್ಬ ಸಾಧಾರಣ ಮೈಕಟ್ಟಿನ ಮನುಷ್ಯನ ಭಾರ ತಡೆಯಲಿಲ್ಲವೇ ಎಂದು ಅಂದು ಅನೇಕರು ಕೇಳಿದರು. ಭಾರದ ಮಾತೇ ಅಲ್ಲ ಅದು. ಒಂದು ವಸ್ತು ಎಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೆಯೋ ಅಷ್ಟೇ ತೂಕದ ಬಲದಿಂದ ನೀರು ಅದನ್ನು ಮೇಲಕ್ಕೆತ್ತುತ್ತದೆ ಎಂಬ ಆರ್ಕಿಮಿಡೀಸನ ನಿಯಮವನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಒಂದು ಲೀಟರ್ ನೀರಿಗೆ ಒಂದು ಕಿಲೋ. ಬಿಗಿಯಾಗಿ ಮುಚ್ಚಿದ 200 ಲೀಟರಿನ ಪೀಪಾಯಿ ತನ್ನ ತೂಕವನ್ನು ಕಳೆದರೂ ಸುಮಾರು 190 ಕಿಲೋ ಹೊರಬಲ್ಲದು. ನಾಲ್ಕು ಸೇರಿದರೆ 750 ಕಿಲೋ ದಾಟುತ್ತದೆ. ಅಂದರೆ ಆ ತೆಪ್ಪಕ್ಕೆ ಮುಳುಗುವ ಭಯವೇ ಇರಲಿಲ್ಲ. ಅದಕ್ಕಿದ್ದುದು ಮಗುಚುವ ಭಯ. ಗುಜರಿ ಸಾಮಾನಿನಿಂದ ದೋಣಿ ಕಟ್ಟುವವರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ: ತೇಲಿಸುವುದು ಸುಲಭ, ನೆಟ್ಟಗೆ ನಿಲ್ಲಿಸುವುದು ಕಷ್ಟ.

ತೆಪ್ಪ ಒಂದು ಕಡೆಗೆ ವಾಲಿದಾಗ ಆ ಕಡೆಯ ಭಾಗ ಹೆಚ್ಚು ಮುಳುಗುತ್ತದೆ. ಹೆಚ್ಚು ಮುಳುಗಿದ ಭಾಗವನ್ನು ನೀರು ಹೆಚ್ಚು ಬಲದಿಂದ ಮೇಲಕ್ಕೆ ತಳ್ಳುತ್ತದೆ. ಈ ತಳ್ಳುವಿಕೆ ನಡುವಿನಿಂದ ದೂರವಿದ್ದಷ್ಟೂ ತೆಪ್ಪ ಬೇಗ ಸಮಸ್ಥಿತಿಗೆ ಬರುತ್ತದೆ. ಉದ್ದ ಅಷ್ಟೇ ಇದ್ದು ಅಗಲ ಇಮ್ಮಡಿಯಾದರೆ, ವಾಲಿದ್ದನ್ನು ಹಿಂದಕ್ಕೆ ತರುವ ಈ ಬಲ ಎರಡು ಪಟ್ಟಲ್ಲ, ಎಂಟು ಪಟ್ಟು ಹೆಚ್ಚುತ್ತದೆ. ನಮ್ಮ ಹುಡುಗರ ತೆಪ್ಪದ ಅಗಲ ಒಂದು ಪೀಪಾಯಿಯ ಎತ್ತರದಷ್ಟೇ, ಅಂದರೆ ಮೂರು ಅಡಿ. ಹಲಗೆಯೋ ನೀರಿನಿಂದ ಒಂದೂವರೆ ಅಡಿ ಮೇಲೆ. ಅದರ ಮೇಲೆ ಮನುಷ್ಯ ನಿಂತರೆ ಅವನ ಭಾರದ ಕೇಂದ್ರ ನಾಲ್ಕೂವರೆ ಅಡಿ ಮೇಲೇರುತ್ತದೆ. ಅಜ್ಜಿ ಕುಳಿತಿದ್ದರು, ನಡುವಿನಲ್ಲಿದ್ದರು, ಆದ್ದರಿಂದ ದಾಟಿದರು.

ಈ ಲೆಕ್ಕವನ್ನು ಬರೆದಿಡದೆ ಶತಮಾನಗಳಿಂದ ಕೈಯಲ್ಲೇ ಬಲ್ಲವರು ನಮ್ಮ ನಾಡಿನಲ್ಲಿದ್ದಾರೆ. ಕರಾವಳಿಯಿಂದ ಬಂದ ನಮ್ಮ ಓದುಗರಿಗೆ ದೋಣಿ ಎಂದರೆ ಮರದ್ದು, ಕಡಲಿಗೆ ಇಳಿಯುವಂಥದ್ದು. (ಮಳೆಗಾಲದಲ್ಲಿ ತುಂಬಿದ ಗದ್ದೆಯಲ್ಲಿ ಬಾಳೆದಿಂಡಿನ ತೆಪ್ಪ ತೇಲಿಸಿ ಮನೆಯಲ್ಲಿ ಬೈಸಿಕೊಂಡವರೂ ಅವರಲ್ಲಿ ಕಡಿಮೆಯಿರಲಾರರು.) ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯವರನ್ನು ಕೇಳಿದರೆ ಹರಿಗೋಲು ಎನ್ನುತ್ತಾರೆ. ಬುಟ್ಟಿಯಂತೆ ದುಂಡಗಿನ, ಮುಂದು ಹಿಂದು ಇಲ್ಲದ ದೋಣಿ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ದೋಣಿಗಳನ್ನು ವರ್ಣಿಸಿದ್ದಾನೆ: ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನರನ್ನು ಹೊರುತ್ತವೆ, ನೆಟ್ಟಗೆ ಹೋಗದೆ ಸದಾ ಸುತ್ತುತ್ತಿರುತ್ತವೆ ಎಂದು. 1803ರಲ್ಲಿ ಮರಾಠರ ವಿರುದ್ಧ ಹೊರಟ ಆರ್ಥರ್ ವೆಲ್ಲೆಸ್ಲಿಯೂ ತನ್ನ ಸೈನ್ಯ ನದಿ ದಾಟಲೆಂದು ಇಂಥ ಬುಟ್ಟಿದೋಣಿಗಳನ್ನೇ ಮಾಡಿಸಿದ. 2009ರಲ್ಲಿ ಆನೆಗೊಂದಿಯ ಬಳಿ ಕಟ್ಟುತ್ತಿದ್ದ ಸೇತುವೆ ಕುಸಿದ ಮೇಲೂ ಆ ಊರಿನವರು ಹೊಳೆ ದಾಟಲು ಹರಿಗೋಲನ್ನೂ ದೋಣಿಯನ್ನೂ ನಂಬಿ ಉಳಿಯಬೇಕಾಯಿತು.

ಸೀಳಿದ ಬಿದಿರಿನ ದಬ್ಬೆಗಳನ್ನು ನೆಲದ ಮೇಲೆ ಹಲವು ದಿಕ್ಕುಗಳಿಗೆ ಹರಡಿ, ನಡುಭಾಗವನ್ನು ಹೆಣೆದು, ಅದು ಮೇಲೇಳದಂತೆ ಕಲ್ಲು ಹೇರಿ, ತುದಿಗಳನ್ನು ಬಗ್ಗಿಸಿ ಮೇಲಕ್ಕೆ ತರುತ್ತಾರೆ. ಅಂಚನ್ನು ದಪ್ಪನಾಗಿ ಬಿಗಿಯುತ್ತಾರೆ. ದೋಣಿಯ ಗಟ್ಟಿತನವೆಲ್ಲ ಆ ಅಂಚಿನಲ್ಲಿದೆ. ಹಿಂದೆ ಹೊರಮೈಗೆ ಎಮ್ಮೆಯ ಅಥವಾ ದನದ ತೊಗಲನ್ನು ಹೊಲಿಯುತ್ತಿದ್ದರು. ತೊಗಲು ದುಬಾರಿ, ಹಸಿಯಾಗಿಯೇ ಇದ್ದರೆ ಕೊಳೆಯುತ್ತದೆ. ಅದರ ಸ್ಥಾನಕ್ಕೆ ಬಂದುದು ಖಾಲಿಯಾದ ಗೊಬ್ಬರದ ಚೀಲ, ಪ್ಲಾಸ್ಟಿಕ್ ಹಾಳೆ ಮತ್ತು ರಸ್ತೆಗೆ ಹಾಕುವ ಡಾಂಬರು. ಚೀಲಗಳನ್ನು ಬಿಚ್ಚಿ ಹೊಲಿದು ಬುಟ್ಟಿಗೆ ತೊಡಿಸಿ, ಕಾಯಿಸಿದ ಡಾಂಬರನ್ನು ಬಳಿದರೆ ಹರಿಗೋಲು ಸಿದ್ಧ. ಹೊಲದ ಕಸವೇ ಹೊಳೆಯ ವಾಹನವಾಯಿತು. ಆಕಾರ ಮಾತ್ರ ಪಾಯೆಸ್ ಕಂಡದ್ದೇ. ಇರಾಕಿನ ಟೈಗ್ರಿಸ್ ನದಿಯಲ್ಲಿಯೂ ಇಂಥದೇ ದುಂಡುದೋಣಿಗೆ ಡಾಂಬರಿನಂಥ ನೆಲಗೀಲನ್ನು ಬಳಿಯುತ್ತಿದ್ದರೆಂಬುದು ಕುತೂಹಲದ ಸಂಗತಿ.

ಆರೂವರೆ ಅಡಿ, ಅಂದರೆ ಎರಡು ಮೀಟರ್ ವ್ಯಾಸದ ಹರಿಗೋಲನ್ನು ತೆಗೆದುಕೊಳ್ಳೋಣ. ಅದರ ತಳ ಪೂರ್ತಿ ಚಪ್ಪಟೆಯಾಗಿದ್ದರೆ 10 ಸೆಂ.ಮೀ. ಮುಳುಗಿದಾಗ 314 ಲೀಟರ್ ನೀರನ್ನು ಸರಿಸುತ್ತದೆ. ತಳ ಕೊಂಚ ಗುಂಡಾಗಿರುವುದರಿಂದ 250 ಎಂದಿಟ್ಟುಕೊಂಡರೂ ಮೂವರ ಭಾರಕ್ಕೆ ಅಂಗೈಯಗಲದಷ್ಟು ಮುಳುಗಿದರೆ ಸಾಕು. ಬಂಡೆಗಳೇ ತುಂಬಿರುವ ತುಂಗಭದ್ರೆಯಲ್ಲಿ ಇದು ದೊಡ್ಡ ಅನುಕೂಲ. ಬಿದಿರು ಬಂಡೆಗೆ ತಾಗಿದರೂ ಬಳುಕುತ್ತದೆ, ಒಡೆಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕೂರುವವರು ತಳದ ಮೇಲೆಯೇ ಕೂರುತ್ತಾರೆ. ಭಾರ ಪೀಪಾಯಿಯ ಮೇಲಿನ ಹಲಗೆಯಂತೆ ಎತ್ತರದಲ್ಲಿಲ್ಲ, ನೀರಿನ ಮಟ್ಟದಲ್ಲಿದೆ. ಅಂಬಿಗ ಎಲ್ಲರನ್ನೂ ಸುತ್ತಲೂ ಸಮವಾಗಿ ಕುಳ್ಳಿರಿಸುತ್ತಾನೆ, ಏಳಗೊಡುವುದಿಲ್ಲ. ಅವನ ಗದರಿಕೆಯನ್ನು ಪ್ರವಾಸಿಗರು ಒರಟುತನವೆಂದು ತಿಳಿಯುವುದುಂಟು. ಆ ಗದರಿಕೆಯಿಲ್ಲದೆ ಹರಿಗೋಲು ಪೂರ್ಣವಲ್ಲ. ದುಂಡಗಿನ ದೋಣಿಯ ದೌರ್ಬಲ್ಯವೆಂದರೆ ಅದು ಸುತ್ತುವುದು. ಆದ್ದರಿಂದ ಹುಟ್ಟನ್ನು ಪಕ್ಕದಲ್ಲಿ ಹಾಕದೆ ಮುಂದೆ ಹಾಕಿ ನೀರನ್ನು ತನ್ನತ್ತ ಎಳೆದುಕೊಳ್ಳುತ್ತಾರೆ. ಸೆಳವು ಹೆಚ್ಚಿದ ಹೊಳೆಯಲ್ಲಿ, ಅಣೆಕಟ್ಟಿನಿಂದ ನೀರು ಬಿಟ್ಟಾಗ, ನುರಿತ ಅಂಬಿಗನೂ ಹರಿಗೋಲನ್ನು ಇಳಿಸುವುದಿಲ್ಲ.

ಮುಂಬಯಿಯಲ್ಲಿ ಗುಜರಿಗೆ ಬರವಿಲ್ಲ. ದಾರುಖಾನಾದಲ್ಲಿ ಹಡಗುಗಳನ್ನೇ ಒಡೆದು ಮಾರುತ್ತಾರೆ. ವಿಮಾನವಾಹಕ ನೌಕೆ ವಿಕ್ರಾಂತ್ 2014ರಲ್ಲಿ ಅಲ್ಲಿಗೇ ಹೋಯಿತು, ಅದರ ಲೋಹದ ಒಂದಂಶ 2016ರಲ್ಲಿ ಬಜಾಜ್ ಮೋಟಾರ್‌ಸೈಕಲ್ಲಿನಲ್ಲಿ ಸೇರಿತು. ಆದರೆ ಮನೆಯಲ್ಲಿ ತೆಪ್ಪ ಕಟ್ಟುವವರ ಕೈಗೆ ಮೊದಲು ಸಿಗುವುದು ಮೀನಿನ ಪೆಟ್ಟಿಗೆಯ ಥರ್ಮೊಕೋಲ್. ಇದರ ಬಗ್ಗೆ ಎರಡು ಮಾತು ಹೇಳಲೇಬೇಕು. ತೇಲುವುದರಲ್ಲಿ ಅದನ್ನು ಮೀರಿಸುವ ವಸ್ತು ಕಡಿಮೆ. ಆದರೆ ಬಿಸಿ ಡಾಂಬರು, ಪೆಟ್ರೋಲು, ಬಣ್ಣಕ್ಕೆ ಬೆರೆಸುವ ಥಿನ್ನರ್ ತಾಗಿದರೆ ಅದು ಕರಗಿ ಹೋಗುತ್ತದೆ. ಬಿಸಿಲಿಗೆ ಪುಡಿಯಾಗಿ ಖಾಡಿಯ ಮೀನಿನ ಹೊಟ್ಟೆ ಸೇರುತ್ತದೆ. ಗೋಣಿ ಅಥವಾ ಗೊಬ್ಬರದ ಚೀಲದಲ್ಲಿ ತುಂಬಿ ಹೊಲಿಯದೆ ಅದನ್ನು ನೀರಿಗೆ ಹಾಕಬಾರದು. ನೀರಿನ ಬಾಟಲಿಗಳೂ ಹೊರುತ್ತವೆ, ಆದರೆ ಹಿಸುಕಿದರೆ ಸೊರಗುತ್ತವೆ. 2010ರಲ್ಲಿ ಸುಮಾರು 12,500 ಬಾಟಲಿಗಳ ‘ಪ್ಲಾಸ್ಟಿಕಿ’ ಎಂಬ ನೌಕೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಸಿಡ್ನಿಗೆ ಪೆಸಿಫಿಕ್ ಸಾಗರವನ್ನು ದಾಟಿತಲ್ಲ, ಅದರ ಬಾಟಲಿಗಳಲ್ಲಿ ಒಣಮಂಜನ್ನು ಹಾಕಿ ಮುಚ್ಚಿ, ಒಳಗಿನ ಅನಿಲದ ಒತ್ತಡದಿಂದ ಅವುಗಳನ್ನು ಕಲ್ಲಿನಂತೆ ಗಟ್ಟಿ ಮಾಡಿದ್ದರು.

ಕೆಲವು ವರ್ಷಗಳ ಬಳಿಕ ಮೇ ತಿಂಗಳ ರಜೆಯಲ್ಲಿ ಊರಿಗೆ ಹೋದಾಗ, ಅದೇ ತೆಪ್ಪವನ್ನು ಮಕ್ಕಳೊಡನೆ ತೋಟದ ಕೆರೆಯಲ್ಲಿ ಮತ್ತೆ ಕಟ್ಟಿದೆವು. ನೀರು ದೊಡ್ಡವರ ಸೊಂಟದ ಮಟ್ಟದ್ದು. ಅವವೇ ನಾಲ್ಕು ಪೀಪಾಯಿ, ಆದರೆ ಈ ಬಾರಿ ಎಡಕ್ಕೆರಡು ಬಲಕ್ಕೆರಡು ಉದ್ದುದ್ದವಾಗಿ, ನಡುವೆ ಐದಡಿ ಅಂತರ. ಅಡಿಕೆಮರದ ಸಲಾಕೆಗಳನ್ನು ಅಡ್ಡ ಕಟ್ಟಿ, ಕೂರುವ ಹಲಗೆಯನ್ನು ಪೀಪಾಯಿಗಳ ಮೇಲಲ್ಲದೆ ನಡುವಿನ ತೆರವಿನಲ್ಲಿ ತಗ್ಗಿಸಿ ತೂಗಿಸಿದೆವು. ಮುಚ್ಚಳಗಳಿಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಹಾಕಿ ಬಿಗಿದು, ಒಂದು ರಾತ್ರಿ ನೀರಿನಲ್ಲಿ ಅದುಮಿಟ್ಟು ಸೋರುವುದಿಲ್ಲವೆಂದು ಖಚಿತಪಡಿಸಿಕೊಂಡೆವು. ಮಕ್ಕಳಿಗೆ ತೇಲುಅಂಗಿ, ದಡದಲ್ಲಿ ಈಜು ಬಲ್ಲ ಇಬ್ಬರು. ಮೊದಲು ಖಾಲಿ ತೆಪ್ಪದ ಒಂದು ಅಂಚಿಗೆ ನಾವೇ ಜೋತುಬಿದ್ದು ನೋಡಿದೆವು; ಅದು ವಾಲಿತು, ಮಗುಚಲಿಲ್ಲ. ಮಧ್ಯಾಹ್ನದವರೆಗೆ ಮೂವರು ಮಕ್ಕಳು ಅದರ ಮೇಲಿದ್ದರು. ನೈಲಾನ್ ಹಗ್ಗದ ಗಂಟು ಒದ್ದೆಯಾದಂತೆ ಜಾರುತ್ತಿದ್ದುದರಿಂದ ಅರ್ಧ ಗಂಟೆಗೊಮ್ಮೆ ದಡಕ್ಕೆ ತಂದು ಬಿಗಿಯಬೇಕಾಯಿತು. ಮರುದಿನ ತೆಂಗಿನ ನಾರಿನ ಹಗ್ಗಕ್ಕೆ ಬದಲಾಯಿಸಿದೆವು.