ಗಣಕಯಂತ್ರದ ಪುನಃಸ್ಥಾಪನೆಯೂ ಪರಿಷ್ಕರಣೆಯ ತೊಡಕುಗಳೂ

ಹಾಜರಿ ಪುಸ್ತಕ, ಅಂಕಪಟ್ಟಿ, ದಾಖಲಾತಿ ವಹಿ, ದಾನಿಗಳ ಲೆಕ್ಕಪತ್ರ ಮೊದಲಾದವು ಒಂದು ಕಾಲದಲ್ಲಿ ಶಾಲೆಯ ಕಚೇರಿಯ ಬೀರುವಿನಲ್ಲಿ ಭದ್ರವಾಗಿರುತ್ತಿದ್ದವು. ಇಂದು ಅವುಗಳಲ್ಲಿ ಬಹುಪಾಲು ಗಣಕಯಂತ್ರವನ್ನು ಸೇರಿವೆ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಂತಹ ಬೆಂಗಳೂರಿನ ಹಳೆಯ ಬಡಾವಣೆಗಳ ಶಾಲೆಗಳಲ್ಲಿ, ಮುದ್ರಣಾಲಯಗಳಲ್ಲಿ, ಮನೆಗಳಲ್ಲಿ ಹತ್ತಾರು ವರ್ಷಗಳ ಹಿಂದೆ ಕೊಂಡ ಯಂತ್ರಗಳೂ ದಾನವಾಗಿ ಬಂದ ಯಂತ್ರಗಳೂ ಈಗಲೂ ದುಡಿಯುತ್ತಿರುವುದುಂಟು. ಇಂತಹ ಯಂತ್ರವು ಮಂದವಾದಾಗ ಅಥವಾ ವೈರಸ್ ತಗುಲಿ ಕೆಟ್ಟಾಗ ಅದನ್ನು ಸದರ್ ಪತ್ರಪ್ಪ ರಸ್ತೆಗೆ, ಅಂದರೆ ಎಲ್ಲರೂ ಬಲ್ಲ ಎಸ್.ಪಿ. ರಸ್ತೆಗೆ ಒಯ್ದು, ಆಪರೇಟಿಂಗ್ ಸಿಸ್ಟಮ್ ಎಂಬ ಮೂಲ ತಂತ್ರಾಂಶವನ್ನು ಹೊಸದಾಗಿ ಹಾಕಿಸಿ ತರುವುದು ರೂಢಿಯಾಗಿದೆ.

ಮರಳಿ ಬಂದ ಯಂತ್ರವು ಮೊದಲ ದಿನ ಚುರುಕಾಗಿಯೇ ಇರುತ್ತದೆ. ತೊಡಕು ಕಾಣಿಸಿಕೊಳ್ಳುವುದು ಅಪ್‌ಡೇಟ್ ಎಂಬ ಪರಿಷ್ಕರಣಾ ಕಾರ್ಯಕ್ಕೆ ಕೈಹಾಕಿದಾಗ. ಪರಿಷ್ಕರಣೆಗಳನ್ನು ಹುಡುಕಲಾಗುತ್ತಿದೆ ಎಂಬ ಸೂಚನೆಯು ಗಂಟೆಗಟ್ಟಲೆ ಹಾಗೆಯೇ ನಿಂತಿರುತ್ತದೆ. ಇಲ್ಲವೆ ಅರ್ಥವಾಗದ ದೋಷಸಂಖ್ಯೆಯೊಂದು ತೋರಿ ಕೆಲಸ ಅಲ್ಲಿಗೇ ಮುಗಿಯುತ್ತದೆ. ಆಗ ಯಂತ್ರವೇ ಮುದಿಯಾಯಿತೆಂದು ಭಾವಿಸಿ ಅದನ್ನು ಮೂಲೆಗೆ ಸರಿಸುವವರು ಅನೇಕರು. ವಾಸ್ತವವಾಗಿ ಇವುಗಳಲ್ಲಿ ಹಲವು ಯಂತ್ರಗಳು ನಿರ್ದೋಷವಾಗಿರುತ್ತವೆ. ಕ್ರಮವನ್ನರಿತು ನಡೆದರೆ ಶಾಲೆಯ ಸಾಮಾನ್ಯ ಶಿಕ್ಷಕರೂ ಈ ತೊಡಕನ್ನು ಪರಿಹರಿಸಬಲ್ಲರು. ಆ ಕ್ರಮವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಪುನಃಸ್ಥಾಪನೆಯ ಅರ್ಥ

ಗ್ರಂಥವೊಂದು ಅಚ್ಚಾದ ಮೇಲೆ ಕಂಡುಬಂದ ತಪ್ಪುಗಳನ್ನು ಒಪ್ಪೋಲೆಯಲ್ಲಿ ತಿದ್ದುವುದು ಮುದ್ರಣದವರಿಗೆ ತಿಳಿದ ಪದ್ಧತಿ. ಆಪರೇಟಿಂಗ್ ಸಿಸ್ಟಮ್‌ನ ಪರಿಷ್ಕರಣೆಗಳೂ ಅಂತಹ ಒಪ್ಪೋಲೆಗಳೇ. ಬಿಡುಗಡೆಯಾದ ಮೇಲೆ ಬೆಳಕಿಗೆ ಬಂದ ದೋಷಗಳನ್ನೂ, ಕಳ್ಳರು ನುಸುಳಬಹುದಾದ ಬಿರುಕುಗಳನ್ನೂ ಅವು ಮುಚ್ಚುತ್ತವೆ. ಹಳೆಯ ಡಿಸ್ಕಿನಿಂದ ಪುನಃಸ್ಥಾಪನೆ ಮಾಡಿದಾಗ ಯಂತ್ರಕ್ಕೆ ದೊರೆಯುವುದು ಆ ಡಿಸ್ಕು ತಯಾರಾದ ದಿನದ ಮೂಲಪ್ರತಿ. ನಡುವಣ ವರ್ಷಗಳ ಒಪ್ಪೋಲೆಗಳೆಲ್ಲವೂ ಅಳಿಸಿಹೋಗಿರುತ್ತವೆ. ಹೊಸದಾಗಿ ಕಾಣುವ ಯಂತ್ರವು ಅರಿವಿನಲ್ಲಿ ಹಳೆಯದೇ ಆಗಿರುತ್ತದೆ. ಈ ಅವಧಿಯಲ್ಲಿ ಜಗತ್ತಿನ ಬೀಗ, ಮುದ್ರೆ, ಸಂಕೇತಗಳೆಲ್ಲ ಬದಲಾಗಿರುತ್ತವೆ. ಪರಿಷ್ಕರಣೆಯ ತೊಡಕುಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ಅಂತರದಿಂದಲೇ.

ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ಕಾಲದಲ್ಲಿ ಬೆಳೆದ ಬಡಾವಣೆಗಳು. ಅಲ್ಲಿ ಬೀದಿಗಳನ್ನು ಮೊದಲು ಗುರುತಿಸಿ, ಮನೆಗಳನ್ನು ಅನಂತರ ಕಟ್ಟಲಾಯಿತು. ಪರಿಷ್ಕರಣೆಯಲ್ಲಿಯೂ ಅಂತಹುದೇ ಪೂರ್ವಾಪರವುಂಟು. ಆಧಾರವಾದ ಪರಿಷ್ಕರಣೆ ಸೇರುವ ಮುನ್ನ ಅದನ್ನವಲಂಬಿಸಿದ ಪರಿಷ್ಕರಣೆ ಸೇರಲಾರದು.

ಕೈಹಚ್ಚುವ ಮುನ್ನ

ಯಂತ್ರವನ್ನು ಅಳಿಸುವ ಮುನ್ನ ನಾಲ್ಕು ವಸ್ತುಗಳನ್ನು ಹೊರಗಿನ ಡಿಸ್ಕಿನಲ್ಲಿ ಭದ್ರಪಡಿಸತಕ್ಕದ್ದು.

ಮೊದಲನೆಯದು ಕಡತಗಳು. ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್‌ಗಳಲ್ಲಿ ಇಟ್ಟ ಕಡತಗಳು ಸಾಮಾನ್ಯವಾಗಿ ಸಿ ಡ್ರೈವಿನಲ್ಲಿಯೇ ಇರುತ್ತವೆ. ಆ ಡ್ರೈವನ್ನು ಅಳಿಸಿದೊಡನೆ ಅವೂ ಹೋಗುತ್ತವೆ. ಹಲವು ವರ್ಷಗಳ ಪ್ರಶ್ನೆಪತ್ರಿಕೆಗಳು ಒಂದು ಮಧ್ಯಾಹ್ನದಲ್ಲಿ ಕಣ್ಮರೆಯಾಗಲು ಇಷ್ಟು ಅಜಾಗರೂಕತೆ ಸಾಕು. ಎರಡನೆಯದು ಕನ್ನಡದ ಫಾಂಟುಗಳು. ಮೂರನೆಯದು ನೆಟ್‌ವರ್ಕ್ ಡ್ರೈವರ್. ಇದಿಲ್ಲದೆ ಹೊಸದಾಗಿ ಸ್ಥಾಪಿತವಾದ ಯಂತ್ರಕ್ಕೆ ಅಂತರಜಾಲದ ಸಂಪರ್ಕವೇ ದೊರೆಯದಿರಬಹುದು. ಸಂಪರ್ಕವಿಲ್ಲದಿದ್ದರೆ ಪರಿಷ್ಕರಣೆಯ ಮಾತೇ ಇಲ್ಲ. ನಾಲ್ಕನೆಯದು ಪರವಾನಗಿಯ ಸಂಖ್ಯೆ. ಪರವಾನಗಿಯಿಲ್ಲದೆ ಮಾರಾಟವಾಗುವ, ಯಾರೋ ತಿದ್ದಿದ ಡಿಸ್ಕುಗಳಲ್ಲಿ ಪರಿಷ್ಕರಣಾ ಸೇವೆಯನ್ನೇ ಕತ್ತರಿಸಿರುವುದುಂಟು. ಅಂತಹ ಡಿಸ್ಕಿನಿಂದ ಸ್ಥಾಪಿಸಿದ ಯಂತ್ರದಲ್ಲಿ ಮುಂದೆ ಹೇಳುವ ಉಪಾಯಗಳು ಫಲಿಸದಿದ್ದರೆ ಆಶ್ಚರ್ಯವಿಲ್ಲ.

ಗಡಿಯಾರದ ದೋಷ

ತೊಡಕು ಕಂಡೊಡನೆ ಪರೀಕ್ಷಿಸಬೇಕಾದ ಮೊದಲ ಅಂಶ ಯಂತ್ರದ ದಿನಾಂಕ. ಗಣಕಯಂತ್ರದ ಮದರ್‌ಬೋರ್ಡಿನಲ್ಲಿ ನಾಣ್ಯದಾಕಾರದ 3 ವೋಲ್ಟಿನ ಸೆಲ್ಲೊಂದಿರುತ್ತದೆ. ಸಾಮಾನ್ಯವಾಗಿ ಅದು ಸಿಆರ್ 2032 ಎಂಬ ಬಗೆಯದು. ವಿದ್ಯುತ್ತಿಲ್ಲದಾಗಲೂ ಗಡಿಯಾರವನ್ನು ನಡೆಸುವುದು ಈ ಸೆಲ್. ಬೇಸಿಗೆ ರಜೆಯಲ್ಲಿ ತಿಂಗಳುಗಟ್ಟಲೆ ಮುಚ್ಚಿದ್ದ ಪ್ರಯೋಗಾಲಯದ ಯಂತ್ರವು ಜೂನ್ ತಿಂಗಳಲ್ಲಿ ಹಲವು ವರ್ಷ ಹಿಂದಿನ ದಿನಾಂಕವನ್ನು ತೋರಿದರೆ, ಸೆಲ್ ಸತ್ತಿದೆಯೆಂದು ತಿಳಿಯಬೇಕು.

ದಿನಾಂಕಕ್ಕೂ ಪರಿಷ್ಕರಣೆಗೂ ಏನು ಸಂಬಂಧವೆಂಬ ಪ್ರಶ್ನೆ ಸಹಜ. ಯಂತ್ರವು ಪರಿಷ್ಕರಣೆಯನ್ನು ಪಡೆಯುವ ಮೊದಲು, ತಾನು ಮಾತನಾಡುತ್ತಿರುವುದು ನಿಜವಾದ ತಯಾರಕರ ಸರ್ವರ್‌ನೊಡನೆಯೇ ಎಂಬುದನ್ನು ಪ್ರಮಾಣಪತ್ರದ ಮೂಲಕ ಖಚಿತಪಡಿಸಿಕೊಳ್ಳುತ್ತದೆ. ಪ್ರತಿಯೊಂದು ಪ್ರಮಾಣಪತ್ರಕ್ಕೂ ಆರಂಭದ ಮತ್ತು ಅಂತ್ಯದ ದಿನಾಂಕಗಳಿರುತ್ತವೆ. ಯಂತ್ರದ ಗಡಿಯಾರವು 2009ನೆಯ ಇಸವಿಯಲ್ಲಿ ನಿಂತಿದ್ದರೆ, ಇಂದಿನ ಪ್ರಮಾಣಪತ್ರವು ಅದರ ದೃಷ್ಟಿಯಲ್ಲಿ ಇನ್ನೂ ಜಾರಿಗೇ ಬಂದಿಲ್ಲ. ಆದ್ದರಿಂದ ಸಂಪರ್ಕವನ್ನು ಅದು ನಿರಾಕರಿಸುತ್ತದೆ. ಸೆಲ್ಲನ್ನು ಬದಲಿಸಿ, ದಿನಾಂಕವನ್ನು ಸರಿಪಡಿಸಿ, ಕಾಲವಲಯವನ್ನು ಭಾರತದ ಐದೂವರೆ ಗಂಟೆಗೆ ಹೊಂದಿಸಿದರೆ, ಬೇರಾವ ಚಿಕಿತ್ಸೆಯೂ ಇಲ್ಲದೆ ಸರಿಹೋಗುವ ಯಂತ್ರಗಳುಂಟು.

ವಿಂಡೋಸ್ 7: ಒಂದು ನಿದರ್ಶನ

ಗಡಿಯಾರ ಸರಿಯಿದ್ದೂ ಪರಿಷ್ಕರಣೆ ನಡೆಯದಿದ್ದರೆ ಡಿಸ್ಕಿನ ವಯಸ್ಸನ್ನು ವಿಚಾರಿಸಬೇಕು. 2009ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ವಿಂಡೋಸ್ 7 ಇದಕ್ಕೆ ಉತ್ತಮ ನಿದರ್ಶನ.

ಪ್ರತಿಯೊಂದು ಪರಿಷ್ಕರಣೆಗೂ ತಯಾರಕರು ಡಿಜಿಟಲ್ ಮುದ್ರೆಯೊತ್ತಿ ಕಳುಹಿಸುತ್ತಾರೆ. ದಾರಿಯಲ್ಲಿ ಯಾರೂ ಅದನ್ನು ತಿದ್ದಿಲ್ಲವೆಂಬುದಕ್ಕೆ ಆ ಮುದ್ರೆಯೇ ಸಾಕ್ಷಿ. ವಿಂಡೋಸ್ 7 ಹುಟ್ಟಿದ ಕಾಲದಲ್ಲಿ ಈ ಮುದ್ರೆಗೆ ಎಸ್‌ಎಚ್‌ಎ-1 ಎಂಬ ಗಣಿತವಿಧಾನ ಬಳಕೆಯಲ್ಲಿತ್ತು. 2017ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧನ ಸಂಸ್ಥೆಯೊಂದರ ಮತ್ತು ಗೂಗಲ್‌ನ ತಜ್ಞರು, ಬೇರೆ ಬೇರೆಯಾದ ಎರಡು ಕಡತಗಳು ಒಂದೇ ಎಸ್‌ಎಚ್‌ಎ-1 ಗುರುತನ್ನು ಹೊಂದುವಂತೆ ಮಾಡಿ ತೋರಿಸಿದರು. ಮುದ್ರೆಯನ್ನು ನಕಲು ಮಾಡಬಹುದೆಂದ ಮೇಲೆ ಅದರಲ್ಲಿ ವಿಶ್ವಾಸವೆಲ್ಲಿ ಉಳಿಯುತ್ತದೆ? ಮೈಕ್ರೋಸಾಫ್ಟ್ ಸಂಸ್ಥೆಯು 2019ರಲ್ಲಿ ಎಸ್‌ಎಚ್‌ಎ-2 ಎಂಬ ಬಲವಾದ ವಿಧಾನಕ್ಕೆ ಹೊರಳಿತು. 2020ರಲ್ಲಿ ಹಳೆಯ ಮುದ್ರೆಯನ್ನವಲಂಬಿಸಿದ ಸರ್ವರ್‌ಗಳನ್ನು ನಿಲ್ಲಿಸಿತು.

ಇದರಿಂದ ವಿಚಿತ್ರವಾದ ಸನ್ನಿವೇಶವೊಂದು ಉಂಟಾಯಿತು. ಹಳೆಯ ಡಿಸ್ಕಿನಿಂದ ಸ್ಥಾಪಿತವಾದ ಯಂತ್ರವು ಹೊಸ ಮುದ್ರೆಯನ್ನು ಗುರುತಿಸಲು ಕಲಿಯಬೇಕಾದರೆ ಅದಕ್ಕೊಂದು ಪರಿಷ್ಕರಣೆ ಬೇಕು. ಆ ಪರಿಷ್ಕರಣೆಯನ್ನು ಪಡೆಯಲು ಸರ್ವರ್‌ನ ಸಂಪರ್ಕ ಬೇಕು. ಸರ್ವರ್‌ ಮಾತನಾಡುವುದು ಹೊಸ ಮುದ್ರೆಯನ್ನು ಬಲ್ಲ ಯಂತ್ರದೊಡನೆ ಮಾತ್ರ. ಪೆಟ್ಟಿಗೆಯ ಕೀಲಿಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದಂತಾಯಿತು. ಇಂತಹ ಯಂತ್ರದಲ್ಲಿ ತೋರುವ 80072ಇಎಫ್‌ಇ ಎಂಬ ದೋಷಸಂಖ್ಯೆಯ ಹಿಂದೆ ಸಾಮಾನ್ಯವಾಗಿ ಇರುವುದು ಇದೇ ಕಾರಣ.

ಪರಿಹಾರ ಸರಳವಾದುದು. ಅಂತರಜಾಲವಿರುವ ಬೇರೊಂದು ಯಂತ್ರದಲ್ಲಿ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್ ಎಂಬ ಅಧಿಕೃತ ಭಂಡಾರವನ್ನು ತೆರೆದು, ಬೇಕಾದ ಕಡತಗಳನ್ನು ಪೆನ್‌ಡ್ರೈವಿನಲ್ಲಿ ತರಬೇಕು. 2011ರ ಸರ್ವಿಸ್ ಪ್ಯಾಕ್ 1 ಮೊದಲು ಸೇರಬೇಕು; ಅನಂತರ ಕೆಬಿ 4490628; ಅದರ ಮೇಲೆ ಕೆಬಿ 4474419. ಈ ಕ್ರಮವನ್ನು ಮೀರಬಾರದು. ಮೊದಲಿನ ಕೆಬಿಯು ಪರಿಷ್ಕರಣೆಗಳನ್ನು ಸ್ಥಾಪಿಸುವ ಯಂತ್ರಾಂಗವನ್ನೇ ದುರಸ್ತಿ ಮಾಡುತ್ತದೆ. ಎರಡನೆಯದು ಹೊಸ ಮುದ್ರೆಯನ್ನು ಓದಲು ಕಲಿಸುತ್ತದೆ. ಯಂತ್ರವು 32 ಬಿಟ್‌ನದೋ 64 ಬಿಟ್‌ನದೋ ಎಂಬುದನ್ನು ನೋಡಿ ಅದಕ್ಕೊಪ್ಪುವ ಕಡತವನ್ನೇ ಆರಿಸಬೇಕು. ಹುಡುಕಾಟವು ಗಂಟೆಗಟ್ಟಲೆ ಮುಗಿಯದ ಯಂತ್ರಗಳಿಗೆ ಕೆಬಿ 3020369 ಮತ್ತು ಅದರ ನಂತರ ಕೆಬಿ 3172605 ಎಂಬ ಎರಡು ಹಳೆಯ ಪರಿಷ್ಕರಣೆಗಳು ಗುಣಕಾರಿಯಾಗಿವೆ.

ಉಗ್ರಾಣದ ಶುದ್ಧಿ

ಮೂರನೆಯ ಕಾರಣವು ಯಂತ್ರದೊಳಗಣ ಉಗ್ರಾಣಕ್ಕೆ ಸಂಬಂಧಿಸಿದ್ದು. ವಿಂಡೋಸ್ ತಾನು ತರಿಸಿಕೊಂಡ ಪರಿಷ್ಕರಣೆಗಳನ್ನು ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್ ಎಂಬ ಫೋಲ್ಡರಿನಲ್ಲಿ ಶೇಖರಿಸುತ್ತದೆ. ಪರಿಷ್ಕರಣೆಯ ನಡುವೆ ವಿದ್ಯುತ್ ಕಡಿತವಾದರೆ ಅಥವಾ ಸಂಪರ್ಕ ತಪ್ಪಿದರೆ ಅಲ್ಲಿ ಅರೆಬರೆ ಕಡತಗಳು ಉಳಿದು, ಮುಂದಿನ ಪ್ರಯತ್ನಗಳನ್ನೆಲ್ಲ ಕೆಡಿಸುತ್ತವೆ. ವಿಂಡೋಸ್ ಅಪ್‌ಡೇಟ್ ಮತ್ತು ಬಿಟ್ಸ್ ಎಂಬ ಎರಡು ಸೇವೆಗಳನ್ನು ನಿಲ್ಲಿಸಿ, ಆ ಫೋಲ್ಡರಿಗೆ ಬೇರೆ ಹೆಸರು ಕೊಟ್ಟು, ಸೇವೆಗಳನ್ನು ಪುನಃ ಆರಂಭಿಸಿದರೆ ಯಂತ್ರವು ಹೊಸ ಉಗ್ರಾಣವನ್ನು ತಾನೇ ರಚಿಸಿಕೊಳ್ಳುತ್ತದೆ. ಫೋಲ್ಡರನ್ನು ಒಡನೆಯೇ ಅಳಿಸದೆ ಹೆಸರು ಬದಲಿಸುವುದು ಕ್ಷೇಮ. ಎಡವಟ್ಟಾದರೆ ಹಿಂದಿನ ಸ್ಥಿತಿಗೆ ಮರಳಬಹುದು.

ಆಗಲೂ ಗುಣವಾಗದಿದ್ದರೆ ವಿಂಡೋಸ್ 10 ಮತ್ತು 11ರಲ್ಲಿ ಡಿಸ್ಮ್ ಎಂಬ ದುರಸ್ತಿ ಸಾಧನವನ್ನೂ, ಅದರ ನಂತರ ಎಸ್‌ಎಫ್‌ಸಿ ಎಂಬ ತಪಾಸಣಾ ಸಾಧನವನ್ನೂ ನಡೆಸಬೇಕು. ಮೊದಲಿನದು ಮೂಲಪ್ರತಿಯನ್ನು ಸರಿಪಡಿಸುತ್ತದೆ. ಎರಡನೆಯದು ಆ ಮೂಲಪ್ರತಿಯನ್ನು ಆಧರಿಸಿ ಕೆಟ್ಟ ಕಡತಗಳನ್ನು ತಿದ್ದುತ್ತದೆ. ಸಿ ಡ್ರೈವಿನಲ್ಲಿ ಸುಮಾರು 20 ಜಿಬಿ ಜಾಗ ತೆರವಾಗಿರುವುದು ಒಳ್ಳೆಯದು. ಯುಪಿಎಸ್ ಇಲ್ಲದೆ ದೊಡ್ಡ ಪರಿಷ್ಕರಣೆಗೆ ಕೈಹಾಕುವುದು ಜಾಣತನವಲ್ಲ.

ಕನ್ನಡದ ಅಕ್ಷರಗಳ ಸಂಗತಿ

ಕನ್ನಡದಲ್ಲಿ ಕೆಲಸ ಮಾಡುವ ಸಂಸ್ಥೆಗಳಿಗೆ ಇನ್ನೊಂದು ವಿಶೇಷ ಸಮಸ್ಯೆಯುಂಟು. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಮತ್ತು ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’, ಇವೆರಡೂ ನಾಡಿನ ಕಚೇರಿಗಳಿಗೂ ಮುದ್ರಣಾಲಯಗಳಿಗೂ ಮಾಡಿದ ಉಪಕಾರ ದೊಡ್ಡದು. ಇವುಗಳ ಹಳೆಯ ಪದ್ಧತಿಯ ಕಡತಗಳಲ್ಲಿ ಶೇಖರವಾಗಿರುವುದು ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಕೇತ. ಅದಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ಪುನಃಸ್ಥಾಪನೆಯಲ್ಲಿ ಆ ಫಾಂಟ್ ಅಳಿದುಹೋದರೆ ತೆರೆಯ ಮೇಲೆ ಅರ್ಥವಿಲ್ಲದ ರೋಮನ್ ಲಿಪಿ ಕಾಣುತ್ತದೆ. ಕಡತ ಕೆಟ್ಟಿತೆಂದು ಭಾವಿಸಿ ಅದನ್ನು ಅಳಿಸಿದವರೂ ಉಂಟು. ಕಡತ ಕೆಟ್ಟಿರುವುದಿಲ್ಲ, ಫಾಂಟನ್ನು ಪುನಃ ಸ್ಥಾಪಿಸಿದರೆ ಅಕ್ಷರಗಳು ಹಿಂದಿನಂತೆಯೇ ಮೂಡುತ್ತವೆ. ಹಾಗೆ ಮೂಡಿದ ಬಳಿಕ ಪರಿವರ್ತಕದ ಸಹಾಯದಿಂದ ಅವನ್ನು ಯೂನಿಕೋಡಿಗೆ ಬದಲಾಯಿಸಿಡುವುದು ಶಾಶ್ವತವಾದ ಪರಿಹಾರ.

ಯೂನಿಕೋಡಿನಲ್ಲಿ ಬರೆದ ಕಡತಗಳಿಗೂ ಪರಿಷ್ಕರಣೆಯ ನಂಟುಂಟು. ವಿಂಡೋಸ್ ಎಕ್ಸ್‌ಪಿಯಿಂದ ಬಳಕೆಯಲ್ಲಿದ್ದ ‘ತುಂಗ’ ಎಂಬ ಕನ್ನಡ ಫಾಂಟನ್ನು ವಿಂಡೋಸ್ 10ರಲ್ಲಿ ಐಚ್ಛಿಕ ಭಾಗವನ್ನಾಗಿ ಮಾಡಲಾಗಿದೆ. ಕನ್ನಡದ ಪೂರಕ ಫಾಂಟುಗಳೆಂಬ ಹೆಸರಿನಲ್ಲಿ ಅದನ್ನು ಬೇಡಿ ತರಿಸಿಕೊಳ್ಳಬೇಕು. ಅದು ಬರುವ ದಾರಿಯೂ ಪರಿಷ್ಕರಣಾ ಸೇವೆಯೇ. ಸೇವೆ ಕೆಟ್ಟಿದ್ದರೆ ಫಾಂಟೂ ಬಾರದು. ಹಳೆಯ ಪತ್ರಗಳ ಸಾಲು, ಪುಟಗಳು ಬೇರೊಂದು ಫಾಂಟಿನಲ್ಲಿ ಅಸ್ತವ್ಯಸ್ತವಾಗಿ ಕಾಣುತ್ತವೆ.

ವಿದಾಯದ ಕಾಲ

ದುರಸ್ತಿಗೂ ಒಂದು ಮಿತಿಯುಂಟು. ವಿಂಡೋಸ್ 7ಕ್ಕೆ ಸಾಮಾನ್ಯ ಬೆಂಬಲ 2020ರ ಜನವರಿ 14ರಂದು ಮುಗಿಯಿತು. ವಿಂಡೋಸ್ 10ಕ್ಕೆ ಅದು 2025ರ ಅಕ್ಟೋಬರ್ 14ರಂದು ಮುಗಿಯಿತು. ಅನಂತರದ ಭದ್ರತಾ ಪರಿಷ್ಕರಣೆಗಳು ಹೆಸರು ನೋಂದಾಯಿಸಿದವರಿಗೆ ಮಾತ್ರ, ಅದೂ ಸೀಮಿತ ಅವಧಿಗೆ. ವಿಂಡೋಸ್ 11 ಬಯಸುವ ಟಿಪಿಎಂ 2.0 ಎಂಬ ಭದ್ರತಾ ಸಾಧನವೂ ಹೊಸ ಪೀಳಿಗೆಯ ಪ್ರೊಸೆಸರೂ ಹಳೆಯ ಯಂತ್ರಗಳಲ್ಲಿ ಇರುವುದಿಲ್ಲ. ಬೆಂಬಲ ಮುಗಿದ ವ್ಯವಸ್ಥೆಯನ್ನು ಎಷ್ಟು ಚೆನ್ನಾಗಿ ಪರಿಷ್ಕರಿಸಿದರೂ ಮುಂದೆ ಹುಟ್ಟುವ ಬಿರುಕುಗಳನ್ನು ಮುಚ್ಚುವವರಿಲ್ಲ. ವಿದ್ಯಾರ್ಥಿಗಳ ಅಂಕಗಳೂ ದಾನಿಗಳ ವಿಳಾಸಗಳೂ ಇರುವ ಅಂತಹ ಯಂತ್ರವನ್ನು ಅಂತರಜಾಲದಿಂದ ಬೇರ್ಪಡಿಸುವುದು ಕರ್ತವ್ಯ.

ಅಂತಹ ಯಂತ್ರಕ್ಕೆ ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯು ಮರುಜೀವ ಕೊಡಬಲ್ಲದು. ನೆರೆಯ ಕೇರಳದ ಸರ್ಕಾರಿ ಶಾಲೆಗಳು ಇದನ್ನು ಬಹುಕಾಲದಿಂದ ಬಳಸುತ್ತಿವೆ. ಇಲ್ಲಿಯೂ ಅದೇ ನಿಯಮ ಅನ್ವಯಿಸುತ್ತದೆ: ಕಪಾಟಿನಲ್ಲಿ ಸಿಕ್ಕ ಹಳೆಯ ಉಬುಂಟು ಡಿಸ್ಕಿನಿಂದ ಸ್ಥಾಪಿಸಿದರೆ, ಬೆಂಬಲ ಮುಗಿದ ಆವೃತ್ತಿಯ ಭಂಡಾರವು ಬೇರೆ ಸರ್ವರ್‌ಗೆ ವರ್ಗವಾಗಿರುವುದರಿಂದ ಪರಿಷ್ಕರಣೆ ದೊರೆಯದು. ಐದು ವರ್ಷಗಳ ಬೆಂಬಲವುಳ್ಳ ಎಲ್‌ಟಿಎಸ್ ಆವೃತ್ತಿಗಳಲ್ಲಿ ಇತ್ತೀಚಿನದನ್ನೇ ಆರಿಸಬೇಕು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವು ಲಿನಕ್ಸ್‌ನಲ್ಲಿಯೂ ಲಭ್ಯವಿರುವುದರಿಂದ ಕನ್ನಡದ ಬೆರಳಚ್ಚಿಗೆ ತೊಂದರೆಯಿಲ್ಲ.

ಉಪಸಂಹಾರ

ಗಡಿಯಾರ, ಡ್ರೈವರ್, ಡಿಸ್ಕಿನ ವಯಸ್ಸು, ಮುದ್ರೆ, ಉಗ್ರಾಣ, ಬೆಂಬಲದ ಅವಧಿ: ಈ ಆರನ್ನು ಇದೇ ಅನುಕ್ರಮದಲ್ಲಿ ಪರೀಕ್ಷಿಸಿದರೆ ತೊಡಕಿನ ಮೂಲ ಬಹುತೇಕ ಕೈಗೆ ಸಿಗುತ್ತದೆ. ಪ್ರತಿಯೊಂದು ಯಂತ್ರಕ್ಕೂ ಒಂದು ಸಣ್ಣ ವಹಿಯನ್ನಿಟ್ಟು, ಸ್ಥಾಪನೆಯ ದಿನ, ಡಿಸ್ಕಿನ ಆವೃತ್ತಿ, ಬಳಸಿದ ಫಾಂಟುಗಳು, ಸೆಲ್ ಬದಲಿಸಿದ ದಿನ ಇವನ್ನು ಬರೆದಿಡುವುದು ಶಿಕ್ಷಕರ ಕಡೆಯಿಂದ ಆಗಬೇಕಾದ ಕೆಲಸ. ಈ ವಿದ್ಯೆಯನ್ನು ಬಲ್ಲ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಂದು ದಿನ ತಮ್ಮ ಶಾಲೆಯ ಯಂತ್ರಗಳನ್ನು ಪರೀಕ್ಷಿಸಿಕೊಟ್ಟರೆ ಅದಕ್ಕಿಂತ ಉಪಯುಕ್ತವಾದ ಸೇವೆ ವಿರಳ. ಯಂತ್ರವನ್ನು ದಾನ ಮಾಡುವವರು ಅದರ ಪರವಾನಗಿಯ ಪತ್ರವನ್ನೂ ಜೊತೆಗೆ ಕೊಡುವುದು ಲೇಸು. ಬೆಂಬಲ ಮುಗಿದ ಹತ್ತು ಯಂತ್ರಗಳಿಗಿಂತ ಬೆಂಬಲವಿರುವ ಎರಡು ಯಂತ್ರಗಳು ಶಾಲೆಗೆ ಹೆಚ್ಚು ಹಿತ. ಯಂತ್ರ ಹೋದರೆ ಇನ್ನೊಂದನ್ನು ಕೊಳ್ಳಬಹುದು. ಅದರೊಳಗಿದ್ದ ತಲೆಮಾರುಗಳ ದಾಖಲೆ ಹೋದರೆ ಅದನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದು ಎಂಬುದನ್ನು ಎಲ್ಲರೂ ಮನಗಾಣಬೇಕು.