ಡಯಾಟಮ್‌ಗಳಲ್ಲಿ ಲಿಪಿಡ್ ಉತ್ಪಾದನೆ

ಡಯಾಟಮ್‌ಗಳು ಸಿಲಿಕಾದ ಕವಚವುಳ್ಳ ಏಕಕೋಶ ಪಾಚಿಗಳು. ದ್ಯುತಿಸಂಶ್ಲೇಷಣೆಯಿಂದ ಪಡೆದ ಇಂಗಾಲದ ಒಂದು ಭಾಗವನ್ನು ಇವು ಲಿಪಿಡ್ (ಕೊಬ್ಬು) ರೂಪದಲ್ಲಿ ಕೂಡಿಡುತ್ತವೆ. ಉತ್ತರ ಕನ್ನಡ ಜಿಲ್ಲೆಯಲ್ಲಿ ಭಟ್ಕಳದ ವೆಂಕಟಾಪುರ, ಹೊನ್ನಾವರದ ಶರಾವತಿ ಹಾಗೂ ಕುಮಟಾದ ಅಘನಾಶಿನಿ ನದಿಗಳ ಅಳಿವೆಗಳು ಇಂತಹ ಪಾಚಿಗಳ ನೆಲೆಗಳಾಗಿವೆ.

ಕೊಬ್ಬಿನಾಮ್ಲಗಳ ರಚನೆ

ಕ್ಲೋರೋಪ್ಲಾಸ್ಟ್‌ನಲ್ಲಿ ಸ್ಥಿರೀಕರಣಗೊಂಡ ಇಂಗಾಲದಿಂದ ಅಸಿಟೈಲ್-ಕೋಎ ಉಂಟಾಗುತ್ತದೆ. ಅಸಿಟೈಲ್-ಕೋಎ ಕಾರ್ಬಾಕ್ಸಿಲೇಸ್ ಎಂಬ ಕಿಣ್ವವು ಅದನ್ನು ಮೆಲೋನೈಲ್-ಕೋಎ ಆಗಿ ಮಾರ್ಪಡಿಸುತ್ತದೆ. ಬಳಿಕ ಮತ್ತೊಂದು ಕಿಣ್ವಸಮೂಹವು ಪ್ರತಿ ಸುತ್ತಿನಲ್ಲಿ ಎರಡು ಇಂಗಾಲ ಪರಮಾಣುಗಳನ್ನು ಸೇರಿಸುತ್ತ ಸರಪಳಿಯನ್ನು ಬೆಳೆಸುತ್ತದೆ. 7 ಸುತ್ತುಗಳಲ್ಲಿ 16 ಇಂಗಾಲಗಳ ಪಾಮಿಟಿಕ್ ಆಮ್ಲ ಸಿದ್ಧವಾಗುತ್ತದೆ. ಸರಪಳಿಯನ್ನು ಉದ್ದಗೊಳಿಸಿ ದ್ವಿಬಂಧಗಳನ್ನು ಸೇರಿಸುವ ಇತರ ಕಿಣ್ವಗಳಿಂದ 20 ಇಂಗಾಲ ಮತ್ತು 5 ದ್ವಿಬಂಧಗಳುಳ್ಳ ಇಪಿಎ ಎಂಬ ಒಮೆಗಾ-3 ಕೊಬ್ಬಿನಾಮ್ಲ ದೊರೆಯುತ್ತದೆ. ಈ ಕರಾವಳಿಯ ತಾರ್ಲೆ (ಭೂತಾಯಿ) ಮೀನಿನ ಎಣ್ಣೆಯಲ್ಲಿರುವ ಒಮೆಗಾ-3ರ ಮೂಲವೂ ಬಹುಮಟ್ಟಿಗೆ ಆ ಮೀನು ತಿನ್ನುವ ಸೂಕ್ಷ್ಮ ಪಾಚಿಗಳೇ.

ಎಣ್ಣೆಯ ಸಂಗ್ರಹ

ಮೂರು ಕೊಬ್ಬಿನಾಮ್ಲಗಳು ಒಂದು ಗ್ಲಿಸರಾಲ್ ಅಣುವಿಗೆ ಜೋಡಿಕೊಂಡಾಗ ಟ್ರೈಗ್ಲಿಸರೈಡ್ ಆಗುತ್ತದೆ. ಇದು ಕೋಶದೊಳಗೆ ಎಣ್ಣೆಯ ಹನಿಗಳಾಗಿ ಶೇಖರಗೊಳ್ಳುತ್ತದೆ. ಪೋಷಕಾಂಶಗಳು ಸಮೃದ್ಧವಾಗಿರುವಾಗ ಕೋಶಗಳು ಬೇಗನೆ ವಿಭಜಿಸುತ್ತವೆ. ಲಿಪಿಡ್‌ನ ಹೆಚ್ಚಿನ ಪಾಲು ಹೊಸ ಪೊರೆಗಳಿಗೆ ವ್ಯಯವಾಗುತ್ತದೆ. ಸಾರಜನಕ ಅಥವಾ ಸಿಲಿಕಾ ಕೊರತೆಯಾದರೆ ವಿಭಜನೆ ಕುಂಠಿತವಾಗಿ, ಬೆಳಕು ಇರುವವರೆಗೆ ಇಂಗಾಲವು ಟ್ರೈಗ್ಲಿಸರೈಡ್‌ನತ್ತ ಹರಿಯುತ್ತದೆ. ಹೀಗೆ ಪ್ರತಿ ಕೋಶದಲ್ಲಿ ಎಣ್ಣೆ ಹೆಚ್ಚಿದರೂ ಕೋಶಗಳ ಸಂಖ್ಯೆ ಹೆಚ್ಚುವುದಿಲ್ಲ. ಪಾಚಿಯಿಂದ ಇಂಧನ ತಯಾರಿಸುವಲ್ಲಿ ಇದೇ ಮುಖ್ಯ ತೊಡಕು. ಆದ್ದರಿಂದ ಮೊದಲು ಪಾಚಿಯನ್ನು ಬೆಳೆಸಿ, ಅನಂತರ ಪೋಷಕಾಂಶ ಕಡಿತಗೊಳಿಸುವ ಎರಡು ಹಂತದ ಕೃಷಿಯನ್ನು ಅನುಸರಿಸುತ್ತಾರೆ. ಪಡೆದ ಎಣ್ಣೆಯನ್ನು ಮೆಥನಾಲ್‌ನೊಂದಿಗೆ ವರ್ತಿಸುವಂತೆ ಮಾಡಿದರೆ ಜೈವಿಕ ಡೀಸೆಲ್ ದೊರೆಯುತ್ತದೆ.

ಅಘನಾಶಿನಿಯಲ್ಲಿ ಅಧ್ಯಯನ

ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಮತ್ತು ಸಹಲೇಖಕರು 2009ರಲ್ಲಿ, ಡಯಾಟಮ್‌ಗಳನ್ನು ಕೊಲ್ಲದೆ ಹಸುವಿನಿಂದ ಹಾಲು ಕರೆಯುವಂತೆ ಅವುಗಳಿಂದ ಎಣ್ಣೆ ಪಡೆಯುವ ಕಲ್ಪನೆಯನ್ನು ಮಂಡಿಸಿದರು. ಮುಂದೆ ಇದೇ ಸಂಸ್ಥೆಯ ಸಂಶೋಧಕರು ಇಂಧನಕ್ಕೆ ತಕ್ಕ ಪ್ರಭೇದಗಳಿಗಾಗಿ ಅಘನಾಶಿನಿ ಅಳಿವೆಯ ಡಯಾಟಮ್‌ಗಳನ್ನು ಅಧ್ಯಯನ ಮಾಡಿದರು. ಮಳೆಗಾಲದಲ್ಲಿ ನದಿಯು ಸಿಲಿಕಾವನ್ನು ತರುತ್ತದೆ, ನೀರಿನ ಲವಣಾಂಶ ಇಳಿಯುತ್ತದೆ. ಬೇಸಿಗೆಯಲ್ಲಿ ಲವಣಾಂಶ ಏರುತ್ತದೆ. ಈ ಏರಿಳಿತಕ್ಕೆ ಹೊಂದಿಕೊಂಡ ಪ್ರಭೇದಗಳು ಉಪ್ಪುನೀರಿನ ಗಜನಿಗಳಲ್ಲಿಯೂ ಬದುಕಬಲ್ಲವು. ಸುಮಾರು 4,801 ಹೆಕ್ಟೇರ್ ವಿಸ್ತಾರದ ಈ ಅಳಿವೆಯನ್ನು 2024ರಲ್ಲಿ ರಾಮ್‌ಸರ್ ತಾಣವೆಂದು ಗುರುತಿಸಲಾಯಿತು. ಇಲ್ಲಿನ ಚಿಪ್ಪುಮೀನುಗಳಿಗೆ ಡಯಾಟಮ್‌ಗಳೇ ಆಹಾರವಾದುದರಿಂದ, ಇಂಧನಕ್ಕಾಗಿ ಅವನ್ನು ಅಳಿವೆಯಿಂದಲೇ ಸಂಗ್ರಹಿಸುವ ಬದಲು ಪ್ರತ್ಯೇಕವಾಗಿ ಬೆಳೆಸುವುದು ಮೀನುಗಾರಿಕೆಯ ದೃಷ್ಟಿಯಿಂದಲೂ ಮುಖ್ಯವಾಗಿದೆ.